ಶ್ರೀರಂಗಪಟ್ಟಣದ ಬಿಳಿಯರು ಎಲ್ಲಿಗೆ ಹೋದರು?

ಊರೊಂದು ತನ್ನ ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೊರಟುಹೋಗುವುದು ನಮ್ಮ ಕಡೆಯವರಿಗೆ ಹೊಸ ಸಂಗತಿಯಲ್ಲ. ಕೃಷ್ಣರಾಜನಗರವೇ ಅಂಥ ಊರು. ಕಾವೇರಿಯು ಎಡಕ್ಕೆ ತಿರುಗುವ ತಾಣದಲ್ಲಿದ್ದುದರಿಂದ ಎಡತೊರೆ ಎಂದು ಹೆಸರು ಪಡೆದಿದ್ದ ಹಳೆಯ ಪಟ್ಟಣವು ಮತ್ತೆ ಮತ್ತೆ ನದಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1920ರ ದಶಕದ ಉತ್ತರಾರ್ಧದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿಯೇ ಹೊಸ ಪಟ್ಟಣಕ್ಕೆ ಗೆರೆ ಎಳೆದರು. ಅಗಲವಾದ ಬೀದಿಗಳು ಮೂಡಿದವು. ಅರಸರ ಹೆಸರು ಊರಿಗೆ ಬಂತು. ಎಡತೊರೆಯ ಅರ್ಕೇಶ್ವರ ಮಾತ್ರ ತನ್ನ ಹೊಳೆಯ ದಡವನ್ನು ಬಿಟ್ಟು ಕದಲಲಿಲ್ಲ. ಎಡತೊರೆಯ ಜನ ಏನಾದರು ಎಂದು ಯಾರೂ ಕೇಳುವುದಿಲ್ಲ. ಅವರ ಮೊಮ್ಮಕ್ಕಳು ಸಂತೆಯ ದಿನ ಎದುರಿಗೇ ಸಿಗುತ್ತಾರೆ.

ಆದರೆ ಹೀಗೆ ಎದುರಿಗೆ ಸಿಗದೆ ಹೋದವರ ಕಥೆಗೆ ಇರುವ ಆಕರ್ಷಣೆಯೇ ಬೇರೆ. ಇಂಗ್ಲಿಷರು ಅಮೆರಿಕದ ನೆಲದಲ್ಲಿ ಬೇರೂರಲು ಮಾಡಿದ ಮೊದಲ ಪ್ರಯತ್ನಗಳಲ್ಲಿ ಒಂದು ರೋನೋಕ್ ಎಂಬ ದ್ವೀಪದ ವಸಾಹತು. 1587ರಲ್ಲಿ ಗಂಡಸರು, ಹೆಂಗಸರು, ಮಕ್ಕಳೆಂದು ನೂರಕ್ಕೂ ಮಿಕ್ಕ ಜನ ಅಲ್ಲಿ ಇಳಿದರು. ಅವರ ಅಧಿಪತಿ ಜಾನ್ ವೈಟ್ ಎಂಬಾತ. ಅವನ ಮಗಳಿಗೆ ಆ ದ್ವೀಪದಲ್ಲಿಯೇ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಹತ್ತು ದಿನವಾಗುವ ಹೊತ್ತಿಗೆ ಅಜ್ಜ ಸಾಮಾನು ಸರಂಜಾಮು ತರಲೆಂದು ಇಂಗ್ಲೆಂಡಿಗೆ ಹೊರಟ. ಅಲ್ಲಿ ಸ್ಪೇನಿನೊಡನೆ ಯುದ್ಧ. ಹಡಗುಗಳೆಲ್ಲ ಯುದ್ಧಕ್ಕೆ ಬೇಕು. ಮೂರು ವರ್ಷ ಕಳೆದು 1590ರ ಆಗಸ್ಟ್ ತಿಂಗಳಲ್ಲಿ, ಸರಿಯಾಗಿ ಮೊಮ್ಮಗಳು ಹುಟ್ಟಿದ ತಾರೀಖಿಗೇ ಅವನು ಮರಳಿ ಬಂದಿಳಿದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮನೆಗಳನ್ನು ಬಿಚ್ಚಿ ಒಯ್ದಿದ್ದಾರೆ. ಬೇಲಿಯ ಕಂಬದ ಮೇಲೆ ‘ಕ್ರೊಯೊಟೋನ್’ ಎಂಬ ಒಂದು ಮಾತನ್ನು ಕೆತ್ತಿದ್ದಾರೆ. ಅದು ನೆರೆಯ ದ್ವೀಪದ ಹೆಸರು, ಅಲ್ಲಿನ ಮೂಲನಿವಾಸಿಗಳ ಹೆಸರೂ ಹೌದು. ಅಪಾಯಕ್ಕೆ ಸಿಕ್ಕಿ ಹೋಗುವುದಾದರೆ ಶಿಲುಬೆಯ ಗುರುತು ಮಾಡಬೇಕೆಂದು ಮೊದಲೇ ಮಾತಾಗಿತ್ತು. ಆ ಗುರುತು ಎಲ್ಲಿಯೂ ಇರಲಿಲ್ಲ. ವೈಟ್ ಆ ದ್ವೀಪಕ್ಕೆ ಹೋಗಿ ನೋಡಬೇಕೆಂದಿದ್ದ. ಬಿರುಗಾಳಿ ಬಿಡಲಿಲ್ಲ. ಅಜ್ಜ ಮತ್ತೆ ಮೊಮ್ಮಗಳನ್ನು ನೋಡಲಿಲ್ಲ.

ಅಂದಿನಿಂದ ಇಂದಿನವರೆಗೆ ಎಷ್ಟು ಊಹೆಗಳು! ಮೂಲನಿವಾಸಿಗಳು ಕೊಂದರು ಎಂದರು. ಸ್ಪೇನಿನವರು ಒಯ್ದರು ಎಂದರು. ಒಳನಾಡಿಗೆ ಸರಿದರು ಎಂದರು. 1998ರಲ್ಲಿ ಮರಗಳ ಉಂಗುರಗಳನ್ನು ಎಣಿಸಿದ ವಿದ್ವಾಂಸರು ಆ ಮೂರು ವರ್ಷ ಆ ಸೀಮೆಯಲ್ಲಿ ಎಂಟು ನೂರು ವರ್ಷಗಳಲ್ಲಿಯೇ ಕಂಡರಿಯದ ಕ್ಷಾಮವಿತ್ತೆಂದು ತೋರಿಸಿದರು. 2012ರಲ್ಲಿ ವೈಟ್ ಬರೆದ ನಕ್ಷೆಯೊಂದರ ಮೇಲೆ ಅಂಟಿಸಿದ್ದ ಕಾಗದದ ತೇಪೆಯ ಕೆಳಗೆ ಕೋಟೆಯ ಗುರುತೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪತ್ತೆಯಾಯಿತು. ಇಷ್ಟೆಲ್ಲ ಆದ ಮೇಲೂ ಕಂಬದ ಮೇಲಿನ ಆ ಒಂದು ಮಾತಿಗಿಂತ ಸ್ಪಷ್ಟವಾದ ಸಾಕ್ಷ್ಯ ಯಾವುದಿದೆ? ‘ನಾವು ಇಂಥಲ್ಲಿಗೆ ಹೋಗಿದ್ದೇವೆ’ ಎಂದು ಬರೆದಿಟ್ಟು ಹೋದವರನ್ನು ಲೋಕವು ನಾನ್ನೂರು ವರ್ಷಗಳಿಂದ ‘ಕಾಣೆಯಾದವರು’ ಎಂದು ಕರೆಯುತ್ತಿದೆ! ಬಿಳಿಯರು ನೆರೆಯವರ ಹಟ್ಟಿಗೆ ಹೋಗಿ ಅವರಲ್ಲಿ ಒಂದಾಗಿ ಬದುಕಿರಬಹುದೆಂಬುದನ್ನು ಒಪ್ಪಿಕೊಳ್ಳುವುದಕ್ಕಿಂತ ಅವರು ಮಾಯವಾದರೆಂದು ಹೇಳುವುದು ಹಿಂದಿನ ಇತಿಹಾಸಕಾರರಿಗೆ ಹಿತವಾಗಿತ್ತೋ ಏನೋ.

ಇರಲಿ. ಸಾಗರದಾಚೆಯ ಆ ಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಎಡತೊರೆಯಿಂದ ಕಾವೇರಿಯ ಜೊತೆಯಲ್ಲಿಯೇ ಕೆಳಗೆ ಇಳಿದು, ಕನ್ನಂಬಾಡಿಯ ಕಟ್ಟೆಯನ್ನು ದಾಟಿ, ಇನ್ನೊಂದು ದ್ವೀಪಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಯೂ ಇಂಗ್ಲಿಷರು ನೆಲೆಸಿದ್ದರು. ಅಲ್ಲಿಂದಲೂ ಅವರು ಹೊರಟುಹೋದರು. ಅಲ್ಲಿಯೂ ಒಂದು ‘ಮಾಯವಾದ’ ಕಥೆ ಉಂಟು.

ಶ್ರೀರಂಗಪಟ್ಟಣಕ್ಕೆ ಹೋಗುವ ಯಾತ್ರಿಕರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ಬಾಗಿನ ಗೋಡೆಯ ಚಿತ್ರಗಳನ್ನು ನೋಡಿ, ಗುಂಬಜ್ ನೋಡಿ, ಸಂಗಮದಲ್ಲಿ ಕಾಲು ತೋಯಿಸಿಕೊಂಡು ಹಿಂದಿರುಗುತ್ತಾರೆ. 1799ರ ಮೇ 4ರಂದು ಟಿಪ್ಪು ಸುಲ್ತಾನ ಬಿದ್ದಲ್ಲಿಗೆ ಅವರ ಪಾಲಿನ ಇತಿಹಾಸ ಮುಗಿಯುತ್ತದೆ. ಆದರೆ ಮರುದಿನ ಬೆಳಗ್ಗೆ ಆ ಊರಿನಲ್ಲಿ ಏನಾಯಿತು? ಸೂರೆಯಲ್ಲಿ ತೊಡಗಿದ್ದ ಸೈನಿಕರನ್ನು ಹತೋಟಿಗೆ ತರಲು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹಾಕಿಸಿದ. ಮುಂದೆ ಡ್ಯೂಕ್ ಆಫ್ ವೆಲಿಂಗ್‌ಟನ್ ಎನಿಸಿಕೊಂಡು ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಒಡೆಯರ ವಂಶಕ್ಕೆ ರಾಜ್ಯ ಮರಳಿತು, ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪವನ್ನು ಮಾತ್ರ ಕಂಪನಿ ಸರ್ಕಾರ ತನ್ನಲ್ಲಿಯೇ ಇಟ್ಟುಕೊಂಡಿತು.

ಇಟ್ಟುಕೊಂಡದ್ದು ನಾಲ್ಕು ದಿನದ ಬಿಡಾರಕ್ಕಲ್ಲ. ವೆಲ್ಲೆಸ್ಲಿ ದರಿಯಾ ದೌಲತ್ತಿನಲ್ಲಿ ವಾಸ ಹೂಡಿದ. ದಂಡು ಬಂತು, ದಂಡಿನ ಹಿಂದೆ ದೊರೆಸಾನಿಯರು, ಮಕ್ಕಳು, ಪಾದ್ರಿಗಳು, ವೈದ್ಯರು ಬಂದರು. ಫಿರಂಗಿಗಳನ್ನು ಹೊರುವ ಗಾಡಿಗಳನ್ನು ಮಾಡುವ ದೊಡ್ಡ ಕಾರ್ಖಾನೆಯೊಂದು ನಡೆಯತೊಡಗಿತು. ದಿವಾನ್ ಪೂರ್ಣಯ್ಯನವರು 1804ರಲ್ಲಿ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಸ್ವಿಟ್ಸರ್ಲೆಂಡಿನ ದೆ ಮ್ಯೂರಾನ್ ಎಂಬ ಕೂಲಿ ಪಡೆಯೂ ಇಲ್ಲಿತ್ತು. ಅದು ಮೊದಲು ಸಿಂಹಳದಲ್ಲಿ ಡಚ್ಚರ ಸಂಬಳ ತಿನ್ನುತ್ತಿದ್ದು, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಹೊರಳಿದ ಪಡೆ. ಹಿಮದ ಬೆಟ್ಟಗಳಲ್ಲಿ ಹುಟ್ಟಿದವರು ಕಾವೇರಿಯ ಬತ್ತದ ಗದ್ದೆಗಳ ನಡುವೆ ಬಂದು ಪಹರೆ ನಿಂತ ಪ್ರಾರಬ್ಧವನ್ನು ನೆನೆದರೆ ಅಚ್ಚರಿಯಾಗುತ್ತದೆ.

ಹತ್ತು ಹನ್ನೆರಡು ವರ್ಷಗಳೊಳಗೆ ಈ ಬಿಳಿಯ ಊರು ಬರಿದಾಗತೊಡಗಿತು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ತಲೆಯೆತ್ತಿತು. 1811ರ ಹೊತ್ತಿಗೆ ಸೇನೆಯ ಮುಖ್ಯ ಠಾಣ್ಯ ಅಲ್ಲಿಗೆ ಹೋಯಿತು. ಫಿರಂಗಿ ಗಾಡಿಯ ಕಾರ್ಖಾನೆ ಇನ್ನಷ್ಟು ಕಾಲ ಇದ್ದು, ಆಮೇಲೆ ಮದರಾಸಿನ ದಾರಿ ಹಿಡಿಯಿತು. ಉಳಿದದ್ದು ಒಂದು ಗೋರಿಸ್ಥಾನ, ಕೆಲವು ಬಂಗಲೆಗಳು, ಮತ್ತು ಒಂದು ಕಥೆ.

ಕಥೆಯನ್ನು ಟಾಂಗಾದವನ ಬಾಯಿಂದಲೇ ಕೇಳಬೇಕು. ಹೊಳೆಯ ದಡದಲ್ಲಿ ಸ್ಕಾಟನ ಬಂಗಲೆ ಎಂದು ಒಂದಿದೆ. ಕರ್ನಲ್ ಸ್ಕಾಟ್ ಎಂಬಾತ ಫಿರಂಗಿ ಗಾಡಿಯ ಕಾರ್ಖಾನೆಯ ಮುಖ್ಯಾಧಿಕಾರಿ. ಒಂದು ದಿನ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಹೆಂಡತಿ ಮಕ್ಕಳು ಕಾಲರಾ ಬೇನೆಗೆ ತುತ್ತಾಗಿ ಮಲಗಿದ್ದಾರೆ. ಕರ್ನಲ್ಲನು ಒಂದು ಮಾತೂ ಆಡದೆ ಮನೆಯಿಂದ ಹೊರಬಿದ್ದ. ಮತ್ತೆ ಅವನನ್ನು ಕಂಡವರಿಲ್ಲ. ಹೊಳೆಗೆ ಬಿದ್ದನೆಂದು ಕೆಲವರು, ಸನ್ಯಾಸಿಯಂತೆ ದೇಶಾಂತರ ಹೋದನೆಂದು ಕೆಲವರು. ಮುಮ್ಮಡಿ ಕೃಷ್ಣರಾಜ ಒಡೆಯರು ಮರುಗಿ, ಮನೆಯಲ್ಲಿ ಒಂದು ಕುರ್ಚಿಯನ್ನೂ ಕದಲಿಸಕೂಡದೆಂದು ಅಪ್ಪಣೆ ಮಾಡಿದರಂತೆ. ಮೇಜಿನ ಮೇಲೆ ಪಿಂಗಾಣಿ ತಟ್ಟೆ, ಗೋಡೆಗೆ ತೂಗುಹಾಕಿದ ಪಟ, ಮಂಚಕ್ಕೆ ಸೊಳ್ಳೆಪರದೆ ಎಲ್ಲವೂ ಹಾಗೆಯೇ ಧೂಳು ಹಿಡಿದು ಕೊಳೆತವಂತೆ. “ಎಷ್ಟು ಮಕ್ಕಳಪ್ಪಾ?” ಎಂದು ನಾನು ಕೇಳಿದೆ. “ಎರಡು ಹೆಣ್ಣು ಸ್ವಾಮಿ” ಎಂದವನು ಒಂದು ಫರ್ಲಾಂಗು ಹೋಗುವಷ್ಟರಲ್ಲಿ “ಮೂರು ಅಂತಲೂ ಹೇಳ್ತಾರೆ” ಎಂದು ಸೇರಿಸಿದ. ಕಥೆ ಬೆಳೆಯುವ ರೀತಿಯೇ ಅದು.

ಇಂಗ್ಲಿಷರಿಗೂ ಈ ಕಥೆ ಪ್ರಿಯವಾಗಿತ್ತು. ವಾಲ್ಟರ್ ಯೆಲ್ಡಮ್ ಎಂಬ ಸೇನಾಧಿಕಾರಿ ‘ಅಲಿಫ್ ಚೀಮ್’ ಎಂಬ ಗುಪ್ತನಾಮದಲ್ಲಿ 1870ರ ದಶಕದಲ್ಲಿ ಪ್ರಕಟಿಸಿದ ಪದ್ಯಸಂಗ್ರಹದಲ್ಲಿ ಈ ಬಂಗಲೆಯ ಮೇಲೊಂದು ಕವನವಿದೆ. ಗುಪ್ತನಾಮದಲ್ಲಿ ನಗೆಪದ್ಯಗಳನ್ನು ಬರೆಯುತ್ತಿದ್ದ ಮನುಷ್ಯನ ಕಣ್ಣನ್ನೂ ಈ ಪಾಳು ಮನೆ ಒದ್ದೆ ಮಾಡಿತು.

ಈಗ ಟಾಂಗಾವನ್ನು ಬೆಂಗಳೂರು-ಮೈಸೂರು ರಸ್ತೆಯ ಪಕ್ಕದ ಗೋರಿಸ್ಥಾನದ ಕಡೆಗೆ ತಿರುಗಿಸೋಣ. ಮುನ್ನೂರರಷ್ಟು ಸಮಾಧಿಗಳು ಇಲ್ಲಿವೆ. ದೀರ್ಘಕಾಲ ಮುಳ್ಳುಕಂಟಿಯಲ್ಲಿ ಹುದುಗಿದ್ದ ಈ ಜಾಗವನ್ನು ದೆ ಮ್ಯೂರಾನ್ ವಂಶದವರು ತಮ್ಮ ಪೂರ್ವಿಕರ ನೆನಪಿಗಾಗಿ ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರ ಮಾಡಿಸಿದ್ದಾರೆ. ಗೂಡಿನಂಥ ಗೋರಿಗಳು, ಕಂಬದಂಥ ಗೋರಿಗಳು, ಹೆಸರಳಿದ ಬರಿಯ ಇಟ್ಟಿಗೆಯ ದಿಬ್ಬಗಳು. ಓದಲು ಬರುವ ಶಾಸನಗಳಲ್ಲಿ ವಯಸ್ಸನ್ನು ಗಮನಿಸುತ್ತ ಹೋದರೆ ಎದೆ ಭಾರವಾಗುತ್ತದೆ. ಯುವಕರು, ಬಾಣಂತಿಯರು, ಹಸುಗೂಸುಗಳು. ಇವರ ನಡುವೆ ಕ್ಯಾರೋಲಿನ್ ಇಸಬೆಲ್ಲಾ ಸ್ಕಾಟ್ ಎಂಬಾಕೆಯ ಸಮಾಧಿಯೂ ಒಂದು. ಅದೇ ಕರ್ನಲ್ಲನ ಹೆಂಡತಿ. ಸತ್ತದ್ದು 1817ರಲ್ಲಿ, ಹೆರಿಗೆಯಲ್ಲಿ. ಬಂಗಾಳದಲ್ಲಿ ಹುಟ್ಟಿದ ಆ ಕಾಲರಾ ಮಹಾಮಾರಿ ದಕ್ಷಿಣವನ್ನು ತಲುಪಿದ್ದು ಅದರ ಮರುವರ್ಷ. ಒಂದು ಸಾವನ್ನು ಇನ್ನೊಂದು ಬೇನೆಗೆ ಗಂಟುಹಾಕಿ, ಗಂಡನನ್ನು ಹೊಳೆಗೆ ನೂಕಿ, ಜನರ ನಾಲಗೆ ಒಂದು ಕಾವ್ಯವನ್ನು ಕಟ್ಟಿತು. ಆದರೆ ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡು ಆಮೇಲೂ ಕಾರ್ಖಾನೆಯ ಲೆಕ್ಕ ನೋಡುತ್ತ ಬದುಕಬೇಕಾದ ಗಂಡಸಿನ ದುಃಖ, ಹೊಳೆಗೆ ಹಾರಿದವನ ದುಃಖಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಹಾಗಾದರೆ ಊರು ಖಾಲಿಯಾದದ್ದಕ್ಕೆ ನಿಜವಾದ ಕಾರಣವೇನು? ಇಲ್ಲಿಯೂ ಪಕ್ಷಗಳುಂಟು.

ದಂಗೆಯ ಪಕ್ಷ ಒಂದು. ಮದರಾಸು ಸರ್ಕಾರವು ಸೇನಾಧಿಕಾರಿಗಳಿಗೆ ಬರುತ್ತಿದ್ದ ಡೇರೆಗಳ ಗುತ್ತಿಗೆಯ ಆದಾಯವನ್ನು ನಿಲ್ಲಿಸಿತ್ತು. ಅದನ್ನೂ ಇತರ ಅಸಮಾಧಾನಗಳನ್ನೂ ನೆಪಮಾಡಿಕೊಂಡು 1809ರಲ್ಲಿ ಬಿಳಿಯ ಅಧಿಕಾರಿಗಳೇ ತಮ್ಮ ಸರ್ಕಾರದ ವಿರುದ್ಧ ತಿರುಗಿ ನಿಂತರು. ಶ್ರೀರಂಗಪಟ್ಟಣದ ಕೋಟೆಯ ಬಾಗಿಲುಗಳನ್ನು ಮುಚ್ಚಿ ಖಜಾನೆಯನ್ನು ವಶಮಾಡಿಕೊಂಡರು. ಅವರ ನೆರವಿಗೆಂದು ಚಿತ್ರದುರ್ಗದಿಂದ ಬರುತ್ತಿದ್ದ ಎರಡು ದಳಗಳನ್ನು ಕಂಪನಿಯ ಕುದುರೆ ಪಡೆಯೂ ಮೈಸೂರಿನ ಸವಾರರೂ ದಾರಿಯಲ್ಲಿಯೇ ಅಡ್ಡಗಟ್ಟಿ ಚದುರಿಸಿದರು. ಆಗಸ್ಟಿನಲ್ಲಿ ಕೋಟೆ ಶರಣಾಯಿತು. ಹತ್ತು ವರ್ಷಗಳ ಹಿಂದೆ ಟಿಪ್ಪುವಿನಿಂದ ಗೆದ್ದ ಕೋಟೆಯನ್ನು ತಮ್ಮವರಿಂದಲೇ ಮತ್ತೆ ಗೆಲ್ಲಬೇಕಾದ ಫಜೀತಿ! ಇಂಥ ಭದ್ರವಾದ ಕೋಟೆಯೊಳಗೆ ಸೇನೆಯನ್ನಿಡುವುದು ಕ್ಷೇಮವಲ್ಲವೆಂದು ಕಂಪನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬೆಂಗಳೂರಿನ ದಂಡಿನ ಏರ್ಪಾಡು ಆ ವೇಳೆಗಾಗಲೇ ಆರಂಭವಾಗಿತ್ತು. ದಂಗೆ ಗಾಡಿಯನ್ನು ಹಿಂದಿನಿಂದ ತಳ್ಳಿರಬಹುದು, ಎತ್ತು ಕಟ್ಟಿದ್ದು ಅದಲ್ಲ.

ಟಿಪ್ಪುವೇ ಇಲ್ಲದ ಮೇಲೆ ದ್ವೀಪದ ಕೋಟೆಗೆ ಬೆಲೆಯೇನು ಎಂಬ ಯುದ್ಧತಂತ್ರದ ವಾದವೂ ಉಂಟು, ಅದೂ ಸುಳ್ಳಲ್ಲ.

ಎಲ್ಲಕ್ಕಿಂತ ಬಲವಾದದ್ದು ಜ್ವರದ ಪಕ್ಷ. ಬಂದ ಪಡೆಗಳೆಲ್ಲ ಚಳಿಜ್ವರದಲ್ಲಿ ನಡುಗಿದವು. ಸುತ್ತ ಬತ್ತದ ಗದ್ದೆ; ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆಯ ನೀರು; ಕೋಟೆಯ ಕಂದಕಗಳಲ್ಲಿ ಹಸುರುಗಟ್ಟಿದ ನೀರು. ಅಂದಿನ ವೈದ್ಯರು ಇದೆಲ್ಲ ಕೆಟ್ಟ ಗಾಳಿಯ ಕೆಲಸವೆಂದರು. ಮಲೇರಿಯಾ ಎಂಬ ಮಾತಿನ ಅರ್ಥವೇ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ಬೀಜವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾದ ಬೆನ್ನು ಹತ್ತಿದ್ದು 1920ರ ದಶಕದ ಕೊನೆಗೆ. 1811ರಲ್ಲಿ ದಂಡು ಗಂಟು ಕಟ್ಟಿದಾಗ ತನ್ನನ್ನು ಓಡಿಸುತ್ತಿರುವವರಾರೆಂದೇ ಅದಕ್ಕೆ ತಿಳಿದಿರಲಿಲ್ಲ. ಹೈದರನ ಕುದುರೆ, ಟಿಪ್ಪುವಿನ ಬಾಣ ಇವುಗಳಿಗೆ ಹೆದರದವರು ಕಿವಿಯ ಬಳಿ ಗುಂಯ್‌ಗುಡುವ ಹುಳಕ್ಕೆ ದ್ವೀಪವನ್ನು ಬಿಟ್ಟುಕೊಟ್ಟು, ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿಗೆ ಹೋದರು. ಇಂದಿನ ಬೆಂಗಳೂರು ಮಹಾನಗರದ ಒಂದು ಬುಡ ಶ್ರೀರಂಗಪಟ್ಟಣದ ಈ ಸೊಳ್ಳೆಗಳಲ್ಲಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಕಂಪನಿಯ ಇಂಥ ವಸತಿಗಳು ನಮ್ಮ ಸೀಮೆಯಲ್ಲಿ ಇನ್ನೂ ಕೆಲವಿದ್ದವು. ಫಿರಂಗಿಗಳನ್ನು ಎಳೆಯಲು ಎತ್ತು ಬೇಕಲ್ಲವೆ? ಒಡೆಯರ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಗಿ, ಕಂಪನಿಯ ಕೈಸೇರಿದ ಮೇಲೆ ಹುಣಸೂರು ಅದರ ಮುಖ್ಯ ಠಾಣ್ಯವಾಯಿತು. ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೊಠಾರ ಎಲ್ಲವೂ ಲಕ್ಷ್ಮಣತೀರ್ಥದ ದಡದ ಆ ಊರಿನಲ್ಲಿ ಬಿಳಿಯರ ಮೇಲ್ವಿಚಾರಣೆಯಲ್ಲಿ ನಡೆದು, 1864ರಲ್ಲಿ ಮುಚ್ಚಿಹೋದವು. ಅಲ್ಲಿ ಪಾಳು ಬಂಗಲೆಯ ಕಥೆ ಹುಟ್ಟಲಿಲ್ಲ. ಕಲಿತ ಕೈಗಳು ಊರಿನಲ್ಲಿಯೇ ಉಳಿದು, ಬಹುಕಾಲ ಒಳ್ಳೆಯ ಕಂಬಳಿಯನ್ನೂ ಗಾಡಿಗಳನ್ನೂ ಮಾಡುತ್ತಿದ್ದವು.

ಇನ್ನು ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಶ್ರೀರಂಗಪಟ್ಟಣದ ಬಿಳಿಯರು ಕಾಣೆಯಾಗಲಿಲ್ಲ. ಅವರು ಹೋದ ದಾರಿ ಕಾಗದಪತ್ರಗಳಲ್ಲಿದೆ, ಸತ್ತವರ ಹೆಸರು ಕಲ್ಲಿನ ಮೇಲಿದೆ. ನಿಜವಾಗಿ ಕಾಣೆಯಾದವರು ಬೇರೆಯವರು. 1800ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಈ ದ್ವೀಪಕ್ಕೆ ಬಂದ. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಒಂದೂವರೆ ಲಕ್ಷ ಜನರಾದರೂ ಇದ್ದಿರಬೇಕೆಂದು ಅವನ ಅಂದಾಜು. ಮನೆಗಳನ್ನು ಲೆಕ್ಕಹಾಕಿದಾಗ ಸಿಕ್ಕವರು ದಂಡನ್ನು ಬಿಟ್ಟು ಸುಮಾರು 32,000. ಒಂದು ವರ್ಷದ ಅಂತರದಲ್ಲಿ ಒಂದು ಲಕ್ಷಕ್ಕೂ ಮೀರಿದ ಮಂದಿ ಇಲ್ಲ! ಅಂದಾಜಿನಲ್ಲಿ ಉತ್ಪ್ರೇಕ್ಷೆಯಿದೆಯೆಂದೇ ಇಟ್ಟುಕೊಳ್ಳಿ. ಅರ್ಧಕ್ಕೆ ಇಳಿಸಿದರೂ ಅದು ದೊಡ್ಡ ಪಟ್ಟಣವೊಂದರ ಜನ. ಮುತ್ತಿಗೆಯಲ್ಲಿ ಸತ್ತವರು ಸಾವಿರಾರು. ಉಳಿದ ಸಿಪಾಯಿಗಳು, ಮಾವುತರು, ಬಾಣ ಮಾಡುವವರು, ಅರಮನೆಯ ಅಡಿಗೆಯವರು, ಶಾನುಭೋಗರು, ನೇಕಾರರು, ಬಣ್ಣದವರು, ಸೂಳೆಯರು, ಹೂವಾಡಿಗರು ಎಲ್ಲಿಗೆ ಹೋದರು? ಕೆಲವರು ಅರಸರ ಹಿಂದೆ ಮೈಸೂರಿಗೆ, ಕೆಲವರು ಅನ್ನವಿದ್ದೆಡೆಗೆ. ಅವರಾರೂ ಕಂಬದ ಮೇಲೆ ಹೆಸರು ಕೆತ್ತಲಿಲ್ಲ. 1901ರ ಜನಗಣತಿಯ ವೇಳೆಗೆ ಊರಿನಲ್ಲಿ ಉಳಿದವರು 8,584.

ಅದರಲ್ಲಿಯೂ ಗಂಜಾಮಿನ ಪಾಡು ವಿಚಿತ್ರ. ದ್ವೀಪದ ಪೂರ್ವಕ್ಕಿರುವ ಈ ಪೇಟೆಯನ್ನು ತುಂಬಿಸಲು ಟಿಪ್ಪು ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಕರೆತಂದನೆಂದು ಗೆಜೆಟಿಯರುಗಳು ಹೇಳುತ್ತವೆ. ಒಂದು ಊರನ್ನು ಬರಿದು ಮಾಡಿ ಇನ್ನೊಂದನ್ನು ತುಂಬಿದ್ದು. ಅದೂ ಕೆಲವೇ ವರ್ಷಗಳಲ್ಲಿ ಮತ್ತೆ ಬರಿದಾಯಿತು. ಸಿರಾದ ಮಗ್ಗವನ್ನು ಹೊತ್ತು ಬಂದ ನೇಕಾರನೊಬ್ಬ 1799ರ ಮಳೆಗಾಲದಲ್ಲಿ ಅದನ್ನು ಮತ್ತೆ ಹೆಗಲಿಗೇರಿಸಿಕೊಂಡು ಯಾವ ದಾರಿ ಹಿಡಿದನೋ! ಅವನ ಮನೆಯ ಕುರ್ಚಿ ಮೇಜುಗಳನ್ನು ಕದಲಿಸಬಾರದೆಂದು ಅಪ್ಪಣೆ ಮಾಡುವವರಿರಲಿಲ್ಲ. ಅವನ ಮೇಲೆ ಕವನ ಬರೆದವರೂ ಇಲ್ಲ. ಗಂಜಾಮಿನಲ್ಲಿ ಇಳಿದವರು ಗುಂಬಜಿಗೆ ನೇರವಾಗಿ ಹೋಗದೆ ಒಂದು ಗಳಿಗೆ ಬೀದಿಗಳಲ್ಲಿ ಅಡ್ಡಾಡಬೇಕೆಂದು ನನ್ನ ಕೋರಿಕೆ. ನೋಡಲು ಹೆಚ್ಚೇನೂ ಇಲ್ಲ. ಬೀದಿಯ ಅಗಲಕ್ಕೂ ಇಂದಿನ ಮನೆಗಳ ಸಂಖ್ಯೆಗೂ ತಾಳೆ ಬೀಳದಿರುವುದು ಮಾತ್ರ ಕಣ್ಣಿಗೆ ಬೀಳುತ್ತದೆ.

ಜನ ಹೋದ ಮೇಲೆ ಮನೆಗಳೂ ಹೋದವು. ಟಿಪ್ಪುವಿನ ಲಾಲ್ ಮಹಲ್ ಅರಮನೆಯನ್ನು ಇಂಗ್ಲಿಷರು ಕೆಡವಿದರು. ರಂಗನಾಥನ ಗುಡಿಯ ಮುಂದಣ ಬಯಲಿನಲ್ಲಿ ಅದರ ಅಡಿಪಾಯದ ಗುರುತನ್ನು ಹುಡುಕಿ ನೋಡಬೇಕು. ಅದರ ತೇಗದ ತೊಲೆಗಳು ಮಾತ್ರ ನಾಶವಾಗಲಿಲ್ಲ. 1830ರ ಸುಮಾರಿಗೆ ಉದಕಮಂಡಲದಲ್ಲಿ ಸಂತ ಸ್ಟೀಫನ್ನನ ಇಗರ್ಜಿಯನ್ನು ಕಟ್ಟುವಾಗ ಅವುಗಳನ್ನು ಬಯಲುಸೀಮೆಯ ಮೇಲೆ ಸಾಗಿಸಿ, ನೀಲಗಿರಿಯ ಘಟ್ಟವನ್ನು ಹತ್ತಿಸಿ ಚಾವಣಿಗೆ ಕೂಡಿಸಿದರು. ಬೇಸಗೆಯ ರಜೆಗೆಂದು ಮೈಸೂರಿನಿಂದ ಊಟಿಗೆ ಹೋಗುವ ಸಂಸಾರಗಳು ಹೂದೋಟವನ್ನೂ ಕೆರೆಯನ್ನೂ ನೋಡಿಯಾದ ಮೇಲೆ ಆ ಇಗರ್ಜಿಗೂ ಹೋಗುವುದುಂಟು. ಒಳಗೆ ಬಣ್ಣದ ಗಾಜಿನ ಕಿಟಕಿಗಳು ಚೆನ್ನಾಗಿವೆ. ತಲೆಯೆತ್ತಿ ನೋಡಿದರೆ ಶ್ರೀರಂಗಪಟ್ಟಣದ ತೊಲೆಗಳು ಕಾಣುತ್ತವೆ.